ತೋಟದ ಮನೆಯ ಕಲೆಗಳು: ಜಾತಿ ತಿಳಿದು ಮದ್ದು ಮಾಡಿ

ಕೊಳೆ ರೋಗದ ಔಷಧಿಯನ್ನು ಹಳದಿ ಎಲೆ ರೋಗಕ್ಕೆ ಹೊಡೆದು ಪ್ರಯೋಜನವಿಲ್ಲವೆಂಬುದು ಪ್ರತಿಯೊಬ್ಬ ಅಡಿಕೆ ಬೆಳೆಗಾರನಿಗೂ ಗೊತ್ತು. ಕಾಫಿಯ ಎಲೆ ತುಕ್ಕಿಗೆ ಮಾಡುವ ಉಪಚಾರ ಕಾಂಡಕೊರಕಕ್ಕೆ ನಡೆಯುವುದಿಲ್ಲವೆಂಬುದೂ ಗೊತ್ತು. ಆದರೆ ತೋಟದಲ್ಲಿ ಪಾಲಿಸುವ ಈ ನಿಯಮ ಮನೆಯ ಬಚ್ಚಲಿನವರೆಗೆ ಬರುವುದು ಅಪರೂಪ. ಅಂಗಿಗೆ ಬಾಳೆ ಸೊನೆ ತಾಗಲಿ, ಅಡಿಕೆ ಚೊಗರು ಹತ್ತಲಿ, ಇಂಬಳ ಕಚ್ಚಿ ರಕ್ತವಾಗಲಿ, ಎಲ್ಲಕ್ಕೂ ಒಂದೇ ಉಪಚಾರ: ಬಿಸಿನೀರು, ಸಾಬೂನು, ಒಗೆಯುವ ಕಲ್ಲಿನ ಮೇಲೆ ನಾಲ್ಕು ಏಟು. ಕಲೆ ಹೋಗದಿದ್ದರೆ ಪೇಟೆಯಿಂದ ಮತ್ತೊಂದು ಬಾಟಲಿ ತರುವುದು.

ಹೀಗೆ ಮಾಡುವುದರಿಂದ ಎರಡು ನಷ್ಟಗಳುಂಟು. ಮೊದಲನೆಯದಾಗಿ, ಹೋಗಬಹುದಾಗಿದ್ದ ಕಲೆ ತಪ್ಪು ಉಪಚಾರದಿಂದ ಬಟ್ಟೆಯಲ್ಲಿ ಕಾಯಂ ಆಗಿ ನಿಲ್ಲುತ್ತದೆ. ಎರಡನೆಯದು ಇದಕ್ಕಿಂತ ದೊಡ್ಡದು. ಒಂದರ ಮೇಲೊಂದು ತೀಕ್ಷ್ಣ ವಸ್ತುಗಳನ್ನು ಸುರಿದು ಕೈ, ಕಣ್ಣು, ಉಸಿರಿಗೇ ಅಪಾಯ ತಂದುಕೊಳ್ಳುವ ಸಂಭವವಿದೆ. ಕಲೆಯ ಜಾತಿ ತಿಳಿದರೆ ಹಿತ್ತಿಲಿನ ನಿಂಬೆ, ಬಿಂಬುಳಿ, ಅಡುಗೆಮನೆಯ ಉಪ್ಪು, ಕೊಬ್ಬರಿ ಎಣ್ಣೆ, ಅಂಗಳದ ಬಿಸಿಲು ಇಷ್ಟರಿಂದಲೇ ಹೆಚ್ಚಿನ ಕೆಲಸ ಆಗುತ್ತದೆ.

ಎಲ್ಲ ಕಲೆಗೂ ಅನ್ವಯಿಸುವ ನಾಲ್ಕು ಮಾತು

1. ಕಲೆ ಹಸಿಯಾಗಿರುವಾಗಲೇ ನೀರಿಗೆ ಹಾಕಬೇಕು. ತೋಟದಿಂದ ಬಂದ ಬಟ್ಟೆಯನ್ನು ವಾರದ ಗಂಟಿಗೆ ಸೇರಿಸಬಾರದು. ಬಂದೊಡನೆ ತಣ್ಣೀರಿನಲ್ಲಿ ಅದ್ದಿಟ್ಟರೆ ಅರ್ಧ ಕೆಲಸ ಮುಗಿದಂತೆ.

2. ಕಲೆ ಏನೆಂದು ಗೊತ್ತಿಲ್ಲದಿದ್ದರೆ ತಣ್ಣೀರಿನಿಂದಲೇ ಆರಂಭಿಸಬೇಕು. ತಣ್ಣೀರಿನಿಂದ ಯಾವ ಕಲೆಯೂ ಕೆಡುವುದಿಲ್ಲ. ಬಿಸಿನೀರಿನಿಂದ ಕೆಲವು ಕೆಡುತ್ತವೆ.

3. ಹುಳಿಯಾಗಲಿ ಬ್ಲೀಚಿಂಗ್ ಪುಡಿಯಾಗಲಿ, ಬಣ್ಣದ ಬಟ್ಟೆಗೆ ಹಾಕುವ ಮೊದಲು ಒಳಮಡಿಕೆಯ ಒಂದು ಮೂಲೆಯಲ್ಲಿ ಹಚ್ಚಿ ನೋಡಬೇಕು. ರೇಷ್ಮೆ, ಉಣ್ಣೆಗಳಿಗೆ ಬ್ಲೀಚಿಂಗ್ ಪುಡಿ ಎಂದಿಗೂ ಕೂಡದು.

4. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮಾಡಬಾರದು. ಕಾವು ತಾಗಿದ ಕಲೆ ಬಟ್ಟೆಯ ಎಳೆಯಲ್ಲಿ ಭದ್ರವಾಗುತ್ತದೆ.

ಚೊಗರಿನ ಕುಟುಂಬ

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಾಣುವುದು ಈ ಕುಟುಂಬದ ಕಲೆಗಳೇ. ಅಡಿಕೆಯ ಚೊಗರು, ಬಾಳೆಯ ಸೊನೆ, ಕಾಫಿ, ಚಹಾ, ಗೇರುಹಣ್ಣಿನ ರಸ ಇವೆಲ್ಲದರಲ್ಲೂ ಬಾಯಿಗೆ ಒಗರೆನಿಸುವ ಟ್ಯಾನಿನ್ ಅಥವಾ ಅದರ ಹತ್ತಿರದ ವಸ್ತುಗಳಿವೆ. ಇವು ಗಾಳಿಗೆ ಒಡ್ಡಿಕೊಂಡಷ್ಟೂ ಕಂದಾಗುತ್ತವೆ, ಹತ್ತಿಯ ಎಳೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಚೊಗರು ಎಷ್ಟು ಗಟ್ಟಿಯಾದ ಬಣ್ಣವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಚರಕ ಮಹಿಳಾ ಸಹಕಾರಿ ಸಂಘದವರು ಕೈಮಗ್ಗದ ನೂಲಿಗೆ ಅಡಿಕೆ ಚೊಗರಿನಿಂದಲೇ ಬಣ್ಣ ಕಟ್ಟಿದ್ದಾರೆ. ಅಲ್ಲಿ ಬೇಕೆಂದು ಕಟ್ಟಿದ ಬಣ್ಣ ನಮ್ಮ ಅಂಗಿಯಲ್ಲಿ ಬೇಡವಾದ ಕಲೆ, ಅಷ್ಟೇ ವ್ಯತ್ಯಾಸ.

ಈ ಕುಟುಂಬಕ್ಕೆ ಎರಡು ಶತ್ರುಗಳಿವೆ ಎಂದು ತಿಳಿದು ಅನೇಕರು ಸೋಡಾ ಮತ್ತು ಸಾಬೂನಿನ ಬಿಲ್ಲೆ ಹಿಡಿಯುತ್ತಾರೆ. ವಾಸ್ತವದಲ್ಲಿ ಕ್ಷಾರವು ಚೊಗರಿನ ಬಣ್ಣವನ್ನು ಇನ್ನಷ್ಟು ಗಾಢ ಮಾಡುತ್ತದೆ. ಆದ್ದರಿಂದ ಮೊದಲು ಧಾರಾಳ ತಣ್ಣೀರು, ಅನಂತರ ನಿಂಬೆರಸ ಅಥವಾ ವಿನೆಗರ್, ಕೊನೆಯಲ್ಲಿ ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ, ಈ ಕ್ರಮವನ್ನು ಅನುಸರಿಸಬೇಕು. ಸೋಡಾ, ಬಾರ್ ಸೋಪು ಮೊದಲಿಗೆ ಬೇಡ.

ಕಾಫಿ ಚೆಲ್ಲಿದಾಗ ಹಾಲು ಹಾಕಿದ ಕಾಫಿಯೋ ಕಪ್ಪು ಕಾಫಿಯೋ ಎಂದು ನೋಡಬೇಕು. ಬಿಳಿ ಹತ್ತಿ ಬಟ್ಟೆಗೆ ಕಪ್ಪು ಕಾಫಿ ಬಿದ್ದರೆ, ಆ ಭಾಗವನ್ನು ಪಾತ್ರೆಯ ಬಾಯಿಗೆ ಬಿಗಿದು ಮೇಲಿನಿಂದ ಕುದಿಯುವ ನೀರನ್ನು ಧಾರೆಯಾಗಿ ಸುರಿಯಬಹುದು. ಹಾಲು ಬೆರೆತಿದ್ದರೆ ಹೀಗೆ ಮಾಡಬಾರದು. ಬಿಸಿಗೆ ಹಾಲಿನ ಅಂಶ ಗಟ್ಟಿಯಾಗಿ ಕಲೆಯನ್ನು ಹಿಡಿದಿಡುತ್ತದೆ. ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿದ ಮೇಲೆಯೇ ಡಿಟರ್ಜೆಂಟ್ ಹಾಕಬೇಕು.

ಬಾಳೆ ಸೊನೆಯ ವಿಷಯದಲ್ಲಿ ಮುಚ್ಚುಮರೆ ಬೇಡ. ಒಣಗಿ ಕಂದಾದ ಸೊನೆಗೆ ಮನೆಮದ್ದಾಗಲಿ ಪೇಟೆಯ ಮದ್ದಾಗಲಿ ಪೂರ್ಣ ಪರಿಹಾರವಿಲ್ಲ. ಹಸಿಯಿರುವಾಗ ನೀರು ಮತ್ತು ನಿಂಬೆಯಿಂದ ಬಹುಪಾಲು ತೆಗೆಯಬಹುದು. ಅದಕ್ಕಿಂತ ಒಳ್ಳೆಯದು ತಾಗದಂತೆ ನೋಡಿಕೊಳ್ಳುವುದು. ಗೊನೆ ಕಡಿದೊಡನೆ ಹೆಗಲಿಗೇರಿಸದೆ ಸೊನೆ ಇಳಿಯುವವರೆಗೆ ಸ್ವಲ್ಪ ಹೊತ್ತು ಬಿಡಬೇಕು, ಹೆಗಲ ಮೇಲೆ ಹಳೆಯ ಗೋಣಿ ಹಾಸಿಕೊಳ್ಳಬೇಕು. ಗೊನೆ ಕಡಿಯಲು ಒಂದು ಹಳೆಯ ಅಂಗಿ ಮೀಸಲಿಟ್ಟ ಮನೆಯಲ್ಲಿ ಹೊಸ ಅಂಗಿ ಕೆಡುವುದಿಲ್ಲ.

ಸುಲಿಯುವ ಕೈಗಳ ಕಪ್ಪು

ಕೊಯ್ಲಿನ ದಿನಗಳಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಬೆರಳುಗಳು ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅಡಿಕೆಯ ಚೊಗರು ಕಂದು. ಕೈ ಮಾತ್ರ ಏಕೆ ಕಪ್ಪಾಗಬೇಕು? ಕಾರಣ ಕತ್ತಿಯ ಕಬ್ಬಿಣ. ಟ್ಯಾನಿನ್ ಕಬ್ಬಿಣದೊಡನೆ ಸೇರಿದಾಗ ನೀಲಿಗಪ್ಪು ವಸ್ತುವೊಂದು ಹುಟ್ಟುತ್ತದೆ. ಹಿಂದೆ ಅಣಲೆಕಾಯಿ ಮತ್ತು ಕಬ್ಬಿಣದಿಂದ ಬರೆಯುವ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಕೆಂಪಡಿಕೆ ಬೇಯಿಸಲು ಹಿರಿಯರು ತಾಮ್ರದ ಹಂಡೆಯನ್ನೇ ಬಳಸಿದ್ದರ ಹಿಂದಿನ ಅನುಕೂಲವೂ ಇದರಿಂದ ತಿಳಿಯುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ಅಡಿಕೆಯ ಬಣ್ಣ ಕಪ್ಪಿಗೆ ತಿರುಗುತ್ತದೆ.

ಅಂದರೆ ಸುಲಿಯುವವರ ಕೈಗೆ ಹತ್ತಿದ್ದು ಶಾಯಿ. ಅದಕ್ಕೆ ಸಾಬೂನು ನಾಟುವುದಿಲ್ಲ, ಹುಳಿ ನಾಟುತ್ತದೆ. ಬಿಂಬುಳಿ ಕಾಯಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳವಾಗಿದ್ದು, ಕಬ್ಬಿಣದ ಅಂಶವನ್ನು ಬಿಡಿಸುವುದರಲ್ಲಿ ಅದು ನಿಂಬೆಗಿಂತ ಮೇಲು. ಕಾಯಿಯನ್ನು ಜಜ್ಜಿ ಬೆರಳುಗಳಿಗೆ ಉಜ್ಜಿ, ಎರಡು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಕೊಬ್ಬರಿ ಎಣ್ಣೆ ಸವರಬೇಕು. ಬಿಂಬುಳಿ ಇಲ್ಲದ ಕಡೆ ನಿಂಬೆಹೋಳು ಮತ್ತು ಉಪ್ಪು ಸಾಕು. ಕೈಯಲ್ಲಿ ಕತ್ತಿಗಾಯವಿದ್ದರೆ ಹುಳಿ ಉರಿಯುತ್ತದೆ. ಆಗ ಗಾಯ ಮಾಯುವವರೆಗೆ ಕಪ್ಪು ಇದ್ದರೂ ಚಿಂತೆಯಿಲ್ಲ. ಸುಲಿಯಲು ಕೂರುವ ಮೊದಲೇ ಕೈಗೆ ತೆಳುವಾಗಿ ಎಣ್ಣೆ ಹಚ್ಚಿಕೊಂಡರೆ ಕಪ್ಪು ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ಅಂಗೈ ಜಾರದಂತೆ ಒರೆಸಿಕೊಳ್ಳಬೇಕು, ಎದುರಿಗಿರುವುದು ಹರಿತವಾದ ಕತ್ತಿ.

ಮೇಣ ಮತ್ತು ಸೊನೆ

ಹಲಸಿನ ಮೇಣ ನೀರಿಗೆ ಕರಗದು, ಎಣ್ಣೆಗೆ ಸಡಿಲವಾಗುತ್ತದೆ. ಹಣ್ಣು ಹೆಚ್ಚುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಹಚ್ಚುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಬಟ್ಟೆಗೆ ಮೇಣ ಅಂಟಿದ್ದರೆ ಮೊದಲು ಬೆರಳಿನಿಂದ ಸಿಗುವಷ್ಟನ್ನು ಕಿತ್ತು, ಉಳಿದುದಕ್ಕೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಬೇಕು. ಮೇಣ ಮೆದುವಾದ ಮೇಲೆ ಒರೆಸಿ ತೆಗೆದು, ಎಣ್ಣೆಯ ಕಲೆಯನ್ನು ಬಿಸಿನೀರು ಮತ್ತು ಡಿಟರ್ಜೆಂಟಿನಿಂದ ಒಗೆಯಬೇಕು.

ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಈ ಸಾಲಿಗೆ ಸೇರಿಸಬಾರದು. ಅದು ಚರ್ಮವನ್ನು ಸುಡುತ್ತದೆ. ಅದರ ದಾಯಾದಿಯಾದ ಭಲ್ಲಾತಕದ ರಸದಿಂದ ಅಗಸರು ಹಿಂದೆ ಬಟ್ಟೆಗಳಿಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗದೆಂಬ ನಂಬಿಕೆಯಿಂದಲೇ ಅದನ್ನು ಆರಿಸಿಕೊಂಡದ್ದು. ಇಂಥ ಕಲೆಯನ್ನು ತೆಗೆಯುವ ಗೋಜಿಗೆ ಹೋಗದೆ ಚರ್ಮವನ್ನು ಕಾಪಾಡಿಕೊಳ್ಳುವುದು ಜಾಣತನ.

ಅರಿಶಿನ ಮತ್ತು ತಾಂಬೂಲ

ಅರಿಶಿನದ ಕಲೆಗೆ ಸಾಬೂನು ಹಚ್ಚಿದಾಗ ಕೆಂಪಾಗುವುದನ್ನು ಕಂಡು ಹೆದರುವವರುಂಟು. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡಿ ಆರತಿ ಎತ್ತುವ ನಮಗೆ ಇದು ಹೊಸತಲ್ಲ. ಸಾಬೂನಿನಲ್ಲಿರುವ ಕ್ಷಾರವೂ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಜಾಲಿಸಿದ ಮೇಲೆ ಕೆಂಪು ಹೋಗಿ ಹಳದಿ ಉಳಿಯುತ್ತದೆ. ಈ ಹಳದಿಗೆ ಉತ್ತಮ ಔಷಧಿ ಬಿಸಿಲು. ಒದ್ದೆ ಬಟ್ಟೆಯನ್ನು ಕಲೆಯಿರುವ ಭಾಗ ಮೇಲಾಗುವಂತೆ ಹರಡಿ ಎರಡು ಮೂರು ದಿನ ಬಿಸಿಲಿಗೆ ಹಾಕಿದರೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ. ಮಳೆಗಾಲದಲ್ಲಿ ಬಿಸಿಲು ಬರುವವರೆಗೆ ತಾಳ್ಮೆ ಬೇಕು.

ತಾಂಬೂಲದ ಕೆಂಪೂ ಸುಣ್ಣದಿಂದ ಹುಟ್ಟಿದ್ದು. ಅಡಿಕೆಯ ಚೊಗರಿಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುತ್ತದೆ. ಹಾಗಾಗಿ ಮದುವೆಮನೆಯಲ್ಲಿ ಪಂಚೆಗೆ ಬಿದ್ದ ಎಲೆಯಡಿಕೆಯ ರಸಕ್ಕೆ ಸಾಬೂನು ಹಚ್ಚುವುದು ಬೆಂಕಿಗೆ ತುಪ್ಪ ಸುರಿದಂತೆ. ತಣ್ಣೀರಿನಿಂದ ಒರೆಸಿ, ನಿಂಬೆರಸ ಅಥವಾ ಹುಳಿ ಮಜ್ಜಿಗೆ ಹಚ್ಚಿ, ಮತ್ತೆ ತಣ್ಣೀರಿನಲ್ಲಿ ಜಾಲಿಸಿ, ಬಳಿಕ ಡಿಟರ್ಜೆಂಟ್ ಬಳಸಬೇಕು.

ರೇಷ್ಮೆ ಸೀರೆಗಳಿಗೆ ಅಂಟುವಾಳದಷ್ಟು ಸೌಮ್ಯವಾದದ್ದು ಇನ್ನೊಂದಿಲ್ಲ. ಬೀಜ ತೆಗೆದ ಕಾಯಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸಿ, ಕಿವುಚಿ, ಸೋಸಿದ ನೊರೆನೀರನ್ನು ಬಳಸಬೇಕು. ಆದರೆ ಈ ನೊರೆ ಮೀನುಗಳಿಗೆ ಮಾರಕ. ಉಳಿದ ನೀರನ್ನು ಕೆರೆ, ಹಳ್ಳಗಳಿಗೆ ಬಿಡದೆ ಗಿಡದ ಬುಡದಿಂದ ದೂರದ ನೆಲಕ್ಕೆ ಚೆಲ್ಲಬೇಕು.

ಇಂಬಳದ ರಕ್ತ

ಮಳೆಗಾಲದಲ್ಲಿ ಇಂಬಳ ಕಚ್ಚದ ಕಾಲುಗಳು ಮಲೆನಾಡಿನಲ್ಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಇಂಬಳ ಗಾಯದೊಳಗೆ ಬಿಡುವುದರಿಂದ ಅದು ಕಳಚಿದ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ, ಬಟ್ಟೆಯೂ ಹೆಚ್ಚು ಕೆಡುತ್ತದೆ. ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಮೊಟ್ಟೆ ಬೆಂದಂತೆ ರಕ್ತವೂ ಎಳೆಯೊಳಗೆ ಬೆಂದು ಕಂದು ಗುರುತು ಕಾಯಂ ಆಗುತ್ತದೆ. ಬಕೆಟ್ ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಕೈಯಿಂದ ಕಿವುಚಿ, ನೀರು ಬದಲಿಸಿ, ಕೆಂಪು ಬರುವುದು ನಿಂತ ಮೇಲೆ ಸಾಬೂನು ಹಚ್ಚಬೇಕು. ಹಾಲು, ಮೊಟ್ಟೆ ಮತ್ತು ಬೆವರಿನ ಕಲೆಗಳಿಗೂ ಆರಂಭ ತಣ್ಣೀರಿನಿಂದಲೇ.

ತುಕ್ಕು

ಒದ್ದೆ ಬಟ್ಟೆಯನ್ನು ಕಬ್ಬಿಣದ ತಂತಿಗೆ ಹಾಕಿದಾಗ ಬೀಳುವ ಕೆಂಗಂದು ಗೆರೆಗೆ ಬ್ಲೀಚಿಂಗ್ ಪುಡಿ ಹಾಕಬಾರದು, ತುಕ್ಕು ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ ಮತ್ತು ಉಪ್ಪನ್ನು ಹಚ್ಚಿ ಬಿಸಿಲಿಗೆ ಹಿಡಿದು, ಒಣಗುತ್ತ ಬಂದಂತೆ ಮತ್ತೆ ರಸ ಹಿಂಡಿ, ಕೊನೆಗೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಬಿಂಬುಳಿ ಇದ್ದರೆ ಇಲ್ಲಿಯೂ ಅದೇ ಮೊದಲ ಆಯ್ಕೆ.

ಕೊಳೆ ಔಷಧಿಯ ಬಟ್ಟೆ

ಡಾ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಕೊಳೆ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಬಳಕೆಗೆ ದಾರಿ ಮಾಡಿ ನೂರು ವರ್ಷಗಳ ಮೇಲಾಯಿತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠ. ಆದರೆ ಔಷಧಿ ಹೊಡೆದು ಬಂದವರ ಬಟ್ಟೆಯನ್ನು ಏನು ಮಾಡಬೇಕೆಂಬ ಲೆಕ್ಕ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಬಟ್ಟೆಯ ಮೇಲೆ ಒಣಗಿದ ನೀಲಿ ಚುಕ್ಕೆಗಳು ಸುಣ್ಣದೊಂದಿಗೆ ಗಟ್ಟಿಯಾದ ತಾಮ್ರದ ಅಂಶ. ಸಾಬೂನಿಗೆ ಅದು ಜಗ್ಗದು, ಹುಳಿಗೆ ಕರಗುತ್ತದೆ. ಮೊದಲು ಬರೀ ನೀರಿನಲ್ಲಿ ಜಾಲಿಸಿ, ಬಳಿಕ ನಿಂಬೆರಸ, ಬಿಂಬುಳಿ ರಸ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತೊಳೆದು, ಆಮೇಲೆ ಸಾಬೂನು ಹಾಕಬೇಕು. ಅಂಟಿಗಾಗಿ ರಾಳ ಬೆರೆಸಿದ್ದರೆ ಆ ಜಿಗುಟಿಗೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರು ಬೇಕಾಗುತ್ತದೆ. ಇದನ್ನು ಹುಳಿಯ ಕೆಲಸ ಮುಗಿದು ತೊಳೆದ ನಂತರವೇ ಮಾಡಬೇಕು.

ಬೋರ್ಡೋ ಇರಲಿ, ಬೇರೆ ಕೀಟನಾಶಕವಿರಲಿ, ಕೆಳಗಿನ ನಿಯಮಗಳನ್ನು ಸಡಿಲಿಸಬಾರದು:

– ಸಿಂಪಡಣೆಯ ಬಟ್ಟೆಗೆ ಪ್ರತ್ಯೇಕ ಬಕೆಟ್ ಇರಲಿ. ಮಕ್ಕಳ ಬಟ್ಟೆಯೊಂದಿಗೆ ಒಗೆಯಬಾರದು, ವಾಷಿಂಗ್ ಮಷೀನಿನಲ್ಲೂ ಒಟ್ಟಿಗೆ ಹಾಕಬಾರದು.

– ಅದೇ ದಿನ ಒಗೆಯಬೇಕು. ಒಗೆಯುವವರು ರಬ್ಬರ್ ಕೈಗವಸು ಹಾಕಿಕೊಳ್ಳಬೇಕು. ಎರಡು ಸಲ ಸಾಬೂನು ಹಾಕಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು.

– ನೀರು ಬೆರೆಸದ ಕೀಟನಾಶಕ ಚೆಲ್ಲಿ ನೆನೆದ ಬಟ್ಟೆಯನ್ನು ಒಗೆದು ಬಳಸುವ ಆಸೆ ಬೇಡ. ಅದನ್ನು ಬಿಟ್ಟುಬಿಡಬೇಕು.

– ತೊಳೆದ ನೀರು ಬಾವಿ, ಹಳ್ಳ, ದನಕರು ಕುಡಿಯುವ ಬಾನಿಯ ಕಡೆಗೆ ಹರಿಯಬಾರದು. ತಾಮ್ರದ ಅಂಶ ಮೀನಿಗೆ ವಿಷ.

ಔಷಧಿ ಹೊಡೆಯುವವನು ಮುಖಕ್ಕೆ ಬಟ್ಟೆ ಕಟ್ಟಿರುತ್ತಾನೆ. ಸಂಜೆ ಆ ಬಟ್ಟೆಯನ್ನು ಒಗೆಯುವ ಹೆಣ್ಣುಮಗಳ ಕೈ ಬರಿದಾಗಿರುತ್ತದೆ. ಕೊನೆಗಾರರು ಮತ್ತು ಕೆಲಸಗಾರರು ಇದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನೆತ್ತಿಕೊಳ್ಳುತ್ತಾರೆ. ತೋಟದಲ್ಲೇ ಅವರಿಗೊಂದು ಬಕೆಟ್ ನೀರು, ಸಾಬೂನು, ಬದಲಿಸಲು ಜಾಗ ಒದಗಿಸುವುದು ದೊಡ್ಡ ಖರ್ಚಿನ ಮಾತಲ್ಲ. ಇದು ತೋಟದ ಯಜಮಾನನ ಹೊಣೆಯೆಂದೇ ತಿಳಿಯಬೇಕು.

ಪಾತ್ರೆ ಮತ್ತು ಅಂಗಳ

ಹಿತ್ತಾಳೆ, ತಾಮ್ರಗಳಿಗೆ ಹುಣಸೆಹಣ್ಣು ಮತ್ತು ಉಪ್ಪು ಇಂದಿಗೂ ಉತ್ತಮ. ಉಜ್ಜಿದ ಮೇಲೆ ಹುಳಿ ಉಳಿಯದಂತೆ ತೊಳೆದು ಒಣಬಟ್ಟೆಯಿಂದ ಒರೆಸದಿದ್ದರೆ ಮರುದಿನವೇ ಕಪ್ಪು ಚುಕ್ಕೆ ಕಾಣುತ್ತದೆ. ಎಣ್ಣೆಜಿಡ್ಡಿನ ಪಾತ್ರೆಗೆ ಒಲೆಯ ಬೂದಿ, ಅದರಲ್ಲೂ ತೆಂಗಿನ ಸಿಪ್ಪೆಯ ಬೂದಿ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದರಲ್ಲಿ ಪೊಟ್ಯಾಷ್ ಕ್ಷಾರ ಹೆಚ್ಚು. ಅದೇ ಬೂದಿ ಅಲ್ಯೂಮಿನಿಯಂ ಪಾತ್ರೆಯನ್ನು ಕಪ್ಪಾಗಿಸುತ್ತದೆ. ಕಪ್ಪಾದ ಅಲ್ಯೂಮಿನಿಯಂನಲ್ಲಿ ನಿಂಬೆಸಿಪ್ಪೆ ಹಾಕಿದ ನೀರನ್ನು ಕುದಿಸಿದರೆ ಹೊಳಪು ಮರಳುತ್ತದೆ.

ಅಡುಗೆ ಸೋಡಾ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದು, ಬರುವ ನೊರೆಯನ್ನು ಕಂಡು ಶಕ್ತಿ ಇಮ್ಮಡಿಯಾಯಿತೆಂದು ತಿಳಿಯುವುದು ಈಗ ರೂಢಿಯಾಗಿದೆ. ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇಕಾದ ಒಂದನ್ನು ಮಾತ್ರ ಬಳಸಬೇಕು.

ಅಂಗಳದ ಪಾಚಿ ಬರೀ ಅಂದದ ಪ್ರಶ್ನೆಯಲ್ಲ, ಮುದುಕರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಪ್ರಶ್ನೆ. ಮಳೆ ಹಿಡಿಯುವ ಮೊದಲೇ ಗಟ್ಟಿ ಪೊರಕೆಯಿಂದ ಕೆರೆದು, ನಡೆದಾಡುವ ದಾರಿಗೆ ಅಡಿಕೆ ದಬ್ಬೆ ಹಾಸುವ ಹಳೆಯ ಕ್ರಮ ಒಳ್ಳೆಯದು. ಬ್ಲೀಚಿಂಗ್ ಪುಡಿ ಎರಚುವವರು ಮುಂದಿನ ಮಾತನ್ನು ಗಮನವಿಟ್ಟು ಓದಬೇಕು.

ಬೆರೆಸಬಾರದ್ದು

ಬ್ಲೀಚಿಂಗ್ ಪುಡಿಗೆ ಯಾವುದೇ ಹುಳಿ ಸೇರಿದರೂ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. 1915ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ, ಸೈನಿಕರನ್ನು ಕೊಲ್ಲಲು ಬಳಸಿದ್ದು ಇದೇ ಅನಿಲವನ್ನು. ಪಾಯಿಖಾನೆಗೆ ಹಾಕಿದ ಬ್ಲೀಚಿಂಗ್ ಪುಡಿ ಸಾಲದೆಂದು ಮೇಲೆ ಆಸಿಡ್ ಸುರಿದರೆ, ಕಿಟಕಿಯಿಲ್ಲದ ಆ ಸಣ್ಣ ಕೋಣೆಯಲ್ಲಿ ಕೆಲವೇ ಕ್ಷಣಗಳಲ್ಲಿ ಉಸಿರು ಕಟ್ಟುತ್ತದೆ. ಗಂಜಲ ನಿಂತ ಕೊಟ್ಟಿಗೆಯ ಚರಂಡಿಗೆ ಈ ಪುಡಿ ಹಾಕಿದರೂ ಕೆಟ್ಟ ಅನಿಲ ಹುಟ್ಟುತ್ತದೆ. ಮೊದಲು ಬರೀ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಯೂರಿಯಾ ಮೊದಲಾದ ಗೊಬ್ಬರಗಳಿರುವ ಕೋಣೆಯಲ್ಲಿ ಬ್ಲೀಚಿಂಗ್ ಪುಡಿಯ ಚೀಲವನ್ನು ಇಡಲೇಬಾರದು.

ಘಾಟು ಬಂದೊಡನೆ ಎಲ್ಲವನ್ನೂ ಅಲ್ಲೇ ಬಿಟ್ಟು ಬಯಲಿಗೆ ಬರಬೇಕು. ಶುಚಿ ಮಾಡಲೆಂದು ಮತ್ತೆ ಒಳಗೆ ಹೋಗಬಾರದು. ಕಣ್ಣು ಉರಿದರೆ ಹರಿಯುವ ನೀರಿನಲ್ಲಿ ತೊಳೆಯುತ್ತಿರಬೇಕು. ಕೆಮ್ಮು ಅಥವಾ ಎದೆ ಬಿಗಿತವಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆಸಿಡ್, ಕೀಟನಾಶಕಗಳನ್ನು ಪಾನೀಯದ ಖಾಲಿ ಬಾಟಲಿಗಳಲ್ಲಿ ತುಂಬಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಬಾಯಾರಿದ ಮಗುವಿಗೆ ಬಾಟಲಿಯ ಆಕಾರವಷ್ಟೇ ಗೊತ್ತು, ಒಳಗಿನದು ಗೊತ್ತಾಗದು.

ಬಚ್ಚಲ ಗೂಡಿನಲ್ಲಿ ಇರಬೇಕಾದ್ದು

ಒಂದು ಡಬ್ಬಿ ಕಲ್ಲುಪ್ಪು, ಒಂದು ಸೀಸೆ ವಿನೆಗರ್, ವಾಷಿಂಗ್ ಸೋಡಾ, ಡಿಟರ್ಜೆಂಟ್ ಪುಡಿ, ಒಂದು ಕುಡಿಕೆ ಕೊಬ್ಬರಿ ಎಣ್ಣೆ, ಒಂದು ಜೊತೆ ರಬ್ಬರ್ ಕೈಗವಸು. ಹಿತ್ತಿಲಲ್ಲಿ ಒಂದು ನಿಂಬೆ, ಒಂದು ಬಿಂಬುಳಿ ಗಿಡ. ಮಾಡಿನ ಕೆಳಗೆ ತಣ್ಣೀರು ತುಂಬಿದ ಒಂದು ಬಕೆಟ್. ಬ್ಲೀಚಿಂಗ್ ಪುಡಿಯನ್ನು ಇವುಗಳ ಜೊತೆಯಲ್ಲಿಡದೆ, ಮುಚ್ಚಳ ಬಿಗಿದು, ಮಕ್ಕಳಿಗೆ ಎಟುಕದ ಬೇರೆ ಜಾಗದಲ್ಲಿಡಬೇಕು.

ಚೊಗರಿಗೆ ಹುಳಿ, ಮೇಣಕ್ಕೆ ಎಣ್ಣೆ, ರಕ್ತಕ್ಕೆ ತಣ್ಣೀರು, ಅರಿಶಿನಕ್ಕೆ ಬಿಸಿಲು, ತುತ್ತಕ್ಕೆ ಬೇರೆ ಬಕೆಟ್. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಒಗೆಯುವ ಕಲ್ಲಿನ ಹತ್ತಿರದ ಗೋಡೆಗೆ ಅಂಟಿಸಿಡಿ. ಮನೆಯಲ್ಲಿ ಬಟ್ಟೆ ಒಗೆಯುವವರು ಯಾರೇ ಆಗಿರಲಿ, ಅದು ಅವರ ಕಣ್ಣಿಗೆ ಬೀಳುವಂತಿರಲಿ.